ಎರಡು ಬಾಂಡ್ಲಿ ಟಾರು ಮತ್ತು ಅಧ್ಯಕ್ಷರ ಅಕ್ಕ

ಹೋದ ಶನಿವಾರ ಸಿರಾದಲ್ಲಿ ನನ್ನ ತಮ್ಮನಿಗೆ ಸಭಾಂಗಣ ತುಂಬ ಕೂತಿದ್ದ ಎಂಜಿನಿಯರುಗಳು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದು ನಾನು ಹೇಳಿದ್ದ ಸುಳ್ಳಿಗೆ. (ನಾನೂ ತಟ್ಟಿದೆ. ಎಲ್ಲರಿಗಿಂತ ಜೋರಾಗಿ.)

ನಾನು ಓದಿದ್ದು ಏಳನೇ ಕ್ಲಾಸು. ಲೆಕ್ಕ ಕಂಡರೆ ಜ್ವರ ಬರುತ್ತಿತ್ತು. ನನ್ನ ಪಾಲಿನ ಲೆಕ್ಕವನ್ನೂ ತಾನೇ ಮಾಡಿ ಎಂಜಿನಿಯರ್ ಆದವನು ತಮ್ಮ ಗಂಗಾಧರ. ಈಗ ರಸ್ತೆ ಎಂಜಿನಿಯರುಗಳ ಸಂಘಕ್ಕೆ ಅಧ್ಯಕ್ಷ. ಸುದ್ದಿ ಬಂದ ದಿನ ಮಧುಗಿರಿಯ ಪುರವರ ರಸ್ತೆಯ ನನ್ನ ಹೋಟೆಲಿನಲ್ಲಿ ಕಾಫಿಗೆ ಸಕ್ಕರೆ ಬದಲು ಉಪ್ಪು ಹಾಕಿಬಿಟ್ಟೆ. ಯಾರೂ ಬೈಯಲಿಲ್ಲ. ಅಧ್ಯಕ್ಷರ ಅಕ್ಕ ಅಲ್ಲವೇ?

ಸಂಘದಲ್ಲಿ ಒಬ್ಬರಿಗೆ ಸ್ವಂತ ಕಟ್ಟಡ ಬೇಕು, ಇನ್ನೊಬ್ಬರಿಗೆ ಬಣ್ಣದ ಡೈರಿ. ಪಾವಗಡದ ಉಪಾಧ್ಯಕ್ಷರಿಗೆ ಸಿಂಗಾಪುರದ ರಸ್ತೆ ನೋಡುವ ಆಸೆ. ತಮ್ಮ ಮಾತ್ರ, ಮೊದಲು ನಮ್ಮ ರಸ್ತೆ ನೋಡೋಣ ಎಂದ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದಲ್ಲಿ ಜನ ತಾವೇ ಹಾಕಿಕೊಂಡ ಹಂಪ್‌ಗಳಿಗೆ ಬಣ್ಣವಿಲ್ಲ, ಬೋರ್ಡಿಲ್ಲ. ಬೈಕಿನವರು ಬಿದ್ದು ಮೊಣಕಾಲು ತರಚಿಕೊಳ್ಳುತ್ತಾರೆ. ಅವನ್ನು ತೆಗೆಸಲು ಸರ್ಕಾರಕ್ಕೆ ಪಟ್ಟಿ ಕೊಡುವುದೇ ಸಂಘದ ಮೊದಲ ಕೆಲಸ ಎಂದ.

ಟೇಪು ಹಿಡಿದು ಹೊರಟವನು ನನ್ನ ಹೋಟೆಲಿಗೂ ಬಂದ. ಎದುರಿಗೇ ಹಂಪ್, ಎಮ್ಮೆ ಮಲಗಿದ ಹಾಗೆ.

"ಅಕ್ಕಾ, ಇದ್ನ ಯಾರು ಹಾಕ್ಸಿದ್ದು?"

ಹಾಕಿಸಿದ್ದು ನಾನೇ. ಟಾರು ಹಾಕುವವರು ಬಂದಾಗ ಹೊಟ್ಟೆ ತುಂಬ ತಟ್ಟೆ ಇಡ್ಲಿ ಬಡಿಸಿ, ಮಿಕ್ಕಿದ್ದ ಎರಡು ಬಾಂಡ್ಲಿ ಟಾರು ಜಲ್ಲಿ ಸುರಿಸಿಕೊಂಡಿದ್ದೆ. ಗಾಡಿ ನಿಧಾನವಾದರೆ ತಾನೇ ಸಾಂಬಾರಿನ ಘಮ ಮೂಗಿಗೆ ಬಡಿಯುವುದು? ನಮ್ಮ ಕಡೆ ಇದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲ. ಜಾಣತನ ಎನ್ನುತ್ತಾರೆ.

"ಊರೋರು ಕಣ್ಲಾ. ಅಂಗನವಾಡಿ ಮಕ್ಳು ರೋಡ್ ದಾಟ್ತವೆ," ಎಂದುಬಿಟ್ಟೆ.

ಅವನು ಇನ್ನೊಂದು ಇಡ್ಲಿ ಹಾಕಿಸಿಕೊಂಡು ಅದನ್ನೇ ಬರೆದುಕೊಂಡ. ಅಕ್ಕ ಹೇಳಿದ ಮೇಲೆ ಯಾರು ಹೋಗಿ ನೋಡುತ್ತಾರೆ?

ಸಿರಾದಲ್ಲಿ ನಡೆದ ಸಂಘದ ಸಭೆಗೆ ತಮ್ಮ ನನ್ನನ್ನೂ ಕರೆದಿದ್ದ. ಅಲ್ಲಿ ಆ ಹಂಪ್‌ನ ಫೋಟೊ ಪರದೆ ತುಂಬ ಬಂತು. ನಾವು ಮರೆತ ಮಕ್ಕಳನ್ನು ಊರಿನವರು ನೆನೆದಿದ್ದಾರೆ, ಇಂಥವನ್ನು ಉಳಿಸಿ ಸರಿಪಡಿಸಬೇಕು ಎಂದ ತಮ್ಮ. ಆಗಲೇ ಆ ಚಪ್ಪಾಳೆ. ಅಷ್ಟರಲ್ಲಿ ಉಪಾಧ್ಯಕ್ಷರು ಎದ್ದು, ನಾಳೆಯೇ ಹೋಗಿ ಆ ಅಂಗನವಾಡಿ ನೋಡಿ ಬರುತ್ತೇನೆ ಎಂದರು. (ಅಧ್ಯಕ್ಷ ಸ್ಥಾನದ ಮೇಲೆ ಕಣ್ಣಿಟ್ಟಿದ್ದವರು. ತಮ್ಮ ಎಲ್ಲಿ ಎಡವುತ್ತಾನೋ ಎಂದು ಕಾಯುತ್ತಿದ್ದವರು.)

ಊಟದ ಸಾಲಿನಲ್ಲಿ ತಮ್ಮನ ಕಿವಿಗೆ ಬಾಯಿಟ್ಟು, "ಸುಳ್ಳು ಹೇಳ್ಬುಟ್ಟೆ ಕಣ್ಲಾ, ಅದ್ನ ಹಾಕ್ಸಿದ್ದು ನಾನೇಯ," ಎಂದೆ.

"ಮತ್ತೆ ಅಂಗನವಾಡಿ?"

"ಊರೊಳ್ಗೈತೆ."

"ರೋಡಿಂದ ಎಷ್ಟು ದೂರ?"

"ನಡ್ಕಂಡೋದ್ರೆ ಸುಸ್ತಾಯ್ತದೆ."

ಅವನು ಪಾಯಸದ ಲೋಟ ಕೆಳಗಿಟ್ಟ. ನಗು ಬಂತೋ ಸಿಟ್ಟು ಬಂತೋ ಮುಖದಲ್ಲಿ ತಿಳಿಯಲಿಲ್ಲ. ಊಟ ಮುಗಿದು ಸಭೆ ಮತ್ತೆ ಸೇರಿದಾಗ ಸೀದಾ ಮೈಕಿಗೆ ಹೋದ.

"ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ತಿಂಡಿ ತಿಂದ ಜಾಗದಲ್ಲೇ ಸರ್ವೆ ಮುಗಿಸಿದ್ದು ನನ್ನ ತಪ್ಪು. ಪಟ್ಟಿಯಲ್ಲಿ ಮೊದಲು ಅದೇ ಹಂಪ್ ಬರೆಯಿರಿ."

ಸಭೆ ಬಿದ್ದು ಬಿದ್ದು ನಕ್ಕಿತು. ನಕ್ಕವರೇ ಕೈ ಎತ್ತಿದರು, ನಿರ್ಣಯ ಪಾಸಾಯಿತು. ಅಕ್ಕ ಎಂಬ ಮಾತು ಅವನ ಬಾಯಿಂದ ಹೊರಡಲೇ ಇಲ್ಲ. ಸುಳ್ಳು ಹೇಳಿದವಳು ನಾನು ಎಂದು ನಾನೇ ಎದ್ದು ನಿಲ್ಲಬೇಕಿತ್ತು. ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಕೂತೇ ಇದ್ದೆ. ಅಲ್ಲಿ ನುಂಗಿಕೊಂಡಿದ್ದನ್ನು ಇಲ್ಲಿ ಕಕ್ಕಿದ್ದೇನೆ.

ಭಾನುವಾರ ಉಪಾಧ್ಯಕ್ಷರು ಬಂದೇ ಬಂದರು. ಹಂಪ್ ನೋಡಿದರು, ಹೋಟೆಲ್ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನಾಲ್ಕು ಇಡ್ಲಿ ತಿಂದರು. ಕೈ ತೊಳೆಯುವಾಗ ದನಿ ತಗ್ಗಿಸಿ, ತೆಲುಗು ಬೆರೆಸಿ, "ಅಮ್ಮಾ, ಪಾವಗಡದಾಗೆ ನಮ್ಮನೆ ಮುಂದ್ಲೂ ಇಂಥದೊಂದು ಹಂಪೈತೆ. ಚೆಪ್ಪೊದ್ದಮ್ಮಾ, ನಿಮ್ಮ ತಮ್ಮಂಗೆ ಹೇಳ್ಬೇಡಿ," ಎಂದರು.

ಹೇಳಿಲ್ಲ. ಬರೆದಿದ್ದೇನೆ, ಅಷ್ಟೇ.