ಅತ್ತೆಯ ಗದ್ದೆಗೊಂದು ಟೆಸ್ಟ್

ಹಾಸನದ ಆಫೀಸಿನಲ್ಲಿ ನಾನು ಮಾಡುವ ಕೆಲಸ ಏನೆಂದು ನನ್ನ ಸೋದರತ್ತೆಗೆ ವಿವರಿಸಿ ವಿವರಿಸಿ ಸೋತಿದ್ದೆ. ಬೇರೆಯವರು ಬರೆದ ಪ್ರೋಗ್ರಾಮು ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ನೋಡುವುದಕ್ಕೆ ಇನ್ನೊಂದು ಪ್ರೋಗ್ರಾಮು ಬರೆಯುವುದು ನನ್ನ ಕೆಲಸ. "ಅಂದ್ರೆ ಕಂಡೋರ ತಪ್ಪು ಹುಡ್ಕಕ್ಕೆ ಸಂಬಳ ಕೊಡ್ತಾರೆ ಅನ್ನು. ನಿಂಗೆ ಸರ್ಯಾಗೈತೆ ಕಣವ್ವ" ಎಂದಿದ್ದಳು ಅತ್ತೆ. ನನ್ನ ಬಾಯಿ ಅವಳಿಗೆ ಚೆನ್ನಾಗಿ ಗೊತ್ತು.

ಬೆಳಿಗ್ಗೆ ಆಫೀಸಿಗೆ ಹೋಗಿ ಕಾಫಿ ಕುಡಿಯುವಷ್ಟರಲ್ಲಿ ಈ ಟೆಸ್ಟುಗಳು ತಮ್ಮಷ್ಟಕ್ಕೆ ಓಡಿ ಮುಗಿದಿರುತ್ತವೆ. ಸರಿಯಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ಹೋದ ವರ್ಷ ನಮಗೆ ಸಿಕ್ಕಿದ್ದು ನಾಲೆ ನೀರಿನ ಸರದಿಯ ಕೆಲಸ. ಹೊಳೆನರಸೀಪುರದ ಕಡೆ ಕೆಲವು ಊರುಗಳಲ್ಲಿ ಈಗ ನೀರುಗಂಟಿ ಇಲ್ಲ, ಯಾರ ಗದ್ದೆಗೆ ಯಾವಾಗ ನೀರು ಎಂದು ಹೇಳುವವರಿಲ್ಲ. ಸರದಿಯ ಹೊತ್ತಿಗೆ ರೈತರ ಫೋನಿಗೆ ಕರೆ ಹೋಗಿ, ಕನ್ನಡದಲ್ಲೇ ಹೇಳುವಂತೆ ನಮ್ಮವರು ಪ್ರೋಗ್ರಾಮು ಬರೆದರು. ಮೊದಲು ಸೇರಿಸಿದ ಕಾಲುವೆಗಳಲ್ಲಿ ಅತ್ತೆಯ ಊರಿನದೂ ಒಂದು.

ಭತ್ತ ಹೊಡೆಗೆ ಬಂದು, ಇನ್ನೇನು ತೆನೆ ಇಣುಕಬೇಕು ಎನ್ನುವಾಗ ಅತ್ತೆ ಫೋನ್ ಮಾಡಿದಳು.

"ನಿಮ್ ಪೋನು ಬಂತು, ನೀರು ಬರ್ಲಿಲ್ಲ. ಎಲ್ಡು ಸರ್ದಿ ಇಂಗೇ ಆಯ್ತು. ಇನ್ನೊಂದು ತಪ್ಪುದ್ರೆ ಈ ಸಲ ಬರೀ ಜಳ್ಳೇಯ."

ನನಗೆ ಬಂದದ್ದು ಸಿಟ್ಟು. ಕಂಪ್ಯೂಟರ್ ತೆಗೆದು ನೋಡಿದೆ. ಕರೆ ಹೋದ ಹೊತ್ತು ಸರಿ, ನಂಬರ್ ಸರಿ, ಅತ್ತೆ ಫೋನೆತ್ತಿ ಪೂರ್ತಿ ಕೇಳಿಸಿಕೊಂಡದ್ದೂ ಸರಿ. ಟೆಸ್ಟುಗಳೆಲ್ಲ ಹಸಿರು. ನನ್ನ ಲೆಕ್ಕದಲ್ಲಿ ಅತ್ತೆಯ ಗದ್ದೆಯಲ್ಲಿ ನೀರು ನಿಂತಿರಲೇಬೇಕು. ತಪ್ಪು ನಮ್ಮದಲ್ಲ ಎಂದು ತೋರಿಸಿಯೇ ಬರುತ್ತೇನೆಂದು ಭಾನುವಾರ ಬಸ್ಸು ಹತ್ತಿದೆ.

ಅತ್ತೆ ಒಂದು ಲೋಟ ನೀರನ್ನೂ ಕೊಡದೆ ಸೀದಾ ಗದ್ದೆಗೆ ಕರೆದುಕೊಂಡು ಹೋದಳು. ನೆಲ ಬಿರುಕು ಬಿಡತೊಡಗಿತ್ತು. ಮೇಲಿನ ಗದ್ದೆಯವರು ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದರು. ನೀರು ಅವರದಾದ ಮೇಲೆ ಅತ್ತೆಗೆ. ಅವರನ್ನೇ ಕೇಳಿದೆ.

"ನಂದು ತುಂಬೋ ಗಂಟ ನಾನ್ ಬುಡಕಿಲ್ಲ. ಅದು ಮೊದ್ಲಿಂದ್ಲೂ ಅಂಗೇಯ" ಎಂದರು. "ಎಲ್ಡು ಸಲಾನೂ ನಾಲೇಲಿ ನೀರು ಸಣ್ಣಕ್ಕೆ ಬರ್ತಿತ್ತು. ತುಂಬೋದು ತಡ ಆಯ್ತು."

"ತುಂಬಿದ ಮೇಲೆ?"

"ಮೊದ್ಲಾದ್ರೆ ನಾನೇ ಓಗಿ, ನಂದಾಯ್ತು ತಿರುಗುಸ್ಕೊ ಅಂತ ನಿಮ್ಮತ್ತೆಗೆ ಯೋಳ್ಬುಟ್ಟು ಬತ್ತಿದ್ದೆ. ಈಗ ನಿಮ್ ಪೋನೇ ಯೋಳ್ತದಲ್ಲ. ನಂದು ಕಟ್ಬುಟ್ಟು ಮನೆಗೋದೆ."

"ನಾನು ಪೋನ್ ಬಂದೇಟ್ಗೆ ಬಂದು, ಕುಂತು ಕುಂತು ಎದ್ದೋದೆ" ಎಂದಳು ಅತ್ತೆ. ಅವಳು ಎದ್ದುಹೋದ ಮೇಲೆ ಇವರ ಗದ್ದೆ ತುಂಬಿತ್ತು. ಉಳಿದ ನೀರು ಯಾರಿಗೂ ಆಗದೆ ಹಳ್ಳಕ್ಕೆ ಹರಿದಿತ್ತು.

ತಪ್ಪು ನಮ್ಮದೇ ಆಗಿತ್ತು. ಆ ಊರಿನಲ್ಲಿ ಸರದಿ ಮುಗಿಯುವುದು ಗದ್ದೆ ತುಂಬಿದಾಗ, ನಮ್ಮ ಪ್ರೋಗ್ರಾಮಿನಲ್ಲಿ ಗಡಿಯಾರ ಹೇಳಿದಾಗ. ಟೆಸ್ಟುಗಳು ಸುಳ್ಳು ಹೇಳಿರಲಿಲ್ಲ. ಕರೆ ಹೊತ್ತಿಗೆ ಸರಿಯಾಗಿ ಹೋಯಿತೇ ಎಂದು ನಾನು ಕೇಳಿದ್ದೆ, ಹೋಯಿತು ಎಂದಿದ್ದವು. ನೀರು ಯಾವಾಗ ಕೈಬದಲಾಗುತ್ತದೆ ಎಂದು ಕೇಳುವುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕೇಳದೇ ಇದ್ದದ್ದಕ್ಕೆ ಅವು ಎಲ್ಲಿಂದ ಉತ್ತರ ತರಬೇಕು? ಇದರ ಜೊತೆಗೆ, ಒಬ್ಬರು ಇನ್ನೊಬ್ಬರ ಮನೆಯವರೆಗೆ ಹೋಗಿ ಹೇಳುತ್ತಿದ್ದುದನ್ನೂ ನಾವು ನಿಲ್ಲಿಸಿಬಿಟ್ಟಿದ್ದೆವು. ಅದರಿಂದ ನನಗೆ ಹೆಚ್ಚು ನೋವಾಯಿತು.

ಸೋಮವಾರ ಮೊದಲು ಮಾಡಿದ ಕೆಲಸ ಅತ್ತೆಯ ಗದ್ದೆಗೆಂದೇ ಒಂದು ಟೆಸ್ಟ್ ಬರೆದದ್ದು. ಮೇಲಿನವರ ಗದ್ದೆ ತುಂಬದೆ ಕೆಳಗಿನವರಿಗೆ ಕರೆ ಹೋಗಕೂಡದು, ಇಷ್ಟೇ. ಓಡಿಸಿದೆ, ಕೆಂಪು ಬಂತು. ಹಸಿರು ಕಂಡಾಗಲೂ ನನಗೆ ಅಷ್ಟು ಸಮಾಧಾನ ಆದದ್ದಿಲ್ಲ. ಕೊನೆಗೂ ಅದು ನಮ್ಮತ್ತೆ ಹೇಳಿದ್ದನ್ನೇ ಹೇಳುತ್ತಿತ್ತು.

ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತರು. "ಅರಕಲಗೂಡು, ಚನ್ನರಾಯಪಟ್ಟಣದ ಕಾಲುವೆಗಳಿಗೆ ಈ ವಾರವೇ ಪ್ರೋಗ್ರಾಮು ಕೊಡಬೇಕು. ಈಗ ಇದನ್ನೆಲ್ಲ ಕೆದಕಬೇಡಿ."

"ಅತ್ತೆಯ ಸರದಿ ಗುರುವಾರ ಸಾರ್. ಅಲ್ಲಿ ನೀರು ಕಾಣೋವರೆಗೂ ನಾನು ಸರಿ ಅನ್ನಲ್ಲ" ಎಂದೆ. ನಾನು ಸರಿ ಅನ್ನದೆ ಅದನ್ನು ಹೊರಗೆ ಕೊಡುವಂತಿರಲಿಲ್ಲ. ನನ್ನ ಹಟ ಅವರಿಗೂ ಹೊಸದಲ್ಲ.

ಹೊಸ ಏರ್ಪಾಡು ಹೀಗೆ: ಗದ್ದೆ ತುಂಬಿದವರು ಫೋನಿನಲ್ಲಿ ಒಂದು ಅಂಕಿ ಒತ್ತಬೇಕು, ಆಮೇಲಷ್ಟೇ ಮುಂದಿನವರಿಗೆ ಕರೆ. ಹೇಳುವುದಕ್ಕೆ ಸುಲಭ, ಆದರೆ ಪ್ರೋಗ್ರಾಮನ್ನು ಬುಡದಿಂದ ಬಿಚ್ಚಿ ಕಟ್ಟಬೇಕಾಯಿತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಕೆಟ್ಟ ತಕ್ಷಣ ಇಂಥಲ್ಲಿ ಕೆಟ್ಟಿದೆ ಎಂದು ತೋರಿಸಿಕೊಟ್ಟದ್ದು ಅದೇ ಹಳೆಯ ಟೆಸ್ಟುಗಳು. ಅವಿಲ್ಲದಿದ್ದರೆ ಬುಧವಾರ ಸಂಜೆಗೆ ಖಂಡಿತ ಮುಗಿಯುತ್ತಿರಲಿಲ್ಲ. ಬಸ್ಸಿನಲ್ಲಿ ಹಾಸನಕ್ಕೆ ವಾಪಸಾಗುವಾಗ ಅವನ್ನು ಬೈದುಕೊಂಡಿದ್ದೆ, ಆ ಬೈಗುಳವನ್ನು ಹಿಂದಕ್ಕೆ ತೆಗೆದುಕೊಂಡೆ.

ಗುರುವಾರ ಅತ್ತೆಯ ಬದುವಿನ ಮೇಲೆ ಹೋಗಿ ಕುಳಿತೆ. ಮಧ್ಯಾಹ್ನ ಕಳೆದ ಮೇಲೆ ಮೇಲಿನವರು ಅಂಕಿ ಒತ್ತಿದರು, ಅತ್ತೆಯ ಫೋನು ಹೊಡೆದುಕೊಂಡಿತು. ನಾನು ಕೇಳಿಕೊಂಡಿದ್ದಂತೆ ಅವರು ಬದುವಿನುದ್ದಕ್ಕೂ ನಡೆದು ಬಂದು "ನಂದಾಯ್ತು ಕಣಮ್ಮಿ" ಎಂದೂ ಹೇಳಿದರು. ಅತ್ತೆ ಗುದ್ದಲಿ ಹಿಡಿದು ಕಾಲುವೆಗೆ ಇಳಿದಳು. ಅಷ್ಟರಲ್ಲಿ ನನ್ನ ಫೋನಿಗೆ ಮ್ಯಾನೇಜರ್.

"ಎಲ್ಲಾ ಹಸಿರಿದೆ. ಕರೆ ಹೋಗಿದೆ ಅಂತಲೂ ತೋರಿಸ್ತಿದೆ. ಎಲ್ಲ ಕಾಲುವೆಗೂ ಬಿಡಬಹುದಾ?"

"ಇನ್ನೂ ಇಲ್ಲ ಸಾರ್."

"ಇನ್ನೇನು ಬಾಕಿ?"

ಫೋನು ಕಿವಿಗಿಟ್ಟುಕೊಂಡೇ ಎದ್ದು ನಿಂತೆ. ಅತ್ತೆ ಮಣ್ಣು ಎಳೆದು ದಾರಿ ಬಿಟ್ಟಳು. ಒಣಗಿದ ಗರಿಗಳನ್ನು ಮುಂದೆ ತಳ್ಳಿಕೊಂಡು ನೀರು ಮೆಲ್ಲಗೆ ಗದ್ದೆಗೆ ಬಂತು. ಮೊದಲು ಬಿರುಕುಗಳೇ ಅದನ್ನು ಕುಡಿದುಬಿಟ್ಟವು. ಆಮೇಲೆ ಪೈರಿನ ಬುಡ ಮುಳುಗಿತು, ಅತ್ತೆಯ ಪಾದ ಮುಳುಗಿತು. ಅವಳು ನನ್ನ ಕಡೆ ತಿರುಗಿ ನೋಡಿದಳು.

"ಈಗ ಬಿಡಿ ಸಾರ್" ಎಂದೆ.