ಬಂದರು ಬೀದಿಯ ಕೆಳಗಿನ ಅರ್ಧ

ಬಂದರಿನ ಗೇಟಿನಿಂದ ಅಂಚೆ ಕಚೇರಿಯ ಕಮಾನಿನವರೆಗೆ ಏರುತ್ತ ಹೋಗುವ ದೊಡ್ಡ ಬೀದಿಯನ್ನು ಅವಳು ಮೂವತ್ತೊಂದು ವರ್ಷ ಗುಡಿಸಿದಳು. ಆಳು ಎತ್ತರ, ಕೈಯಲ್ಲಿ ಹೆಚ್ಚುಕಡಿಮೆ ಅವಳಷ್ಟೇ ಎತ್ತರದ ಕೋಲುಪೊರಕೆ. ಹಾಗಾಗಿ ಎಲ್ಲರ ಬಾಯಲ್ಲೂ ಉದ್ದಕ್ಕ. "ಬೀದಿ ಉದ್ದಕ್ಕೂ ನಮ್ಮ ಉದ್ದಕ್ಕನೇ" ಎಂದು ಮೊದಲು ಹೇಳಿದವಳು ಅವಳ ಜೊತೆಗಾತಿ. ಈ ಜೊತೆಗಾತಿಗೆ ಮಾತಿಗೆ ಮುಂಚೆ ನಗು. ಮೇಸ್ತ್ರಿ ಬೈದರೂ ನಗು, ಮಳೆಯಲ್ಲಿ ತೊಯ್ದು ತೊಪ್ಪೆಯಾದರೂ ನಗು. ಅವಳಿಗೆ ನಗೆಮಾರಿ ಎಂದು ಹೆಸರಿಟ್ಟು ಉದ್ದಕ್ಕ ಸೇಡು ತೀರಿಸಿಕೊಂಡಿದ್ದಳು.

ಬೀದಿಯ ವಿಷಯ ಏನೇ ಇದ್ದರೂ ಇವರಿಬ್ಬರಿಗೆ ಮೊದಲು ಗೊತ್ತಾಗುತ್ತಿದ್ದುದು ಕಸದಿಂದ. ಆ ಕಾಲಕ್ಕೆ ಬೀದಿಯಲ್ಲಿ ಬೀಳುತ್ತಿದ್ದುದು ಹಗ್ಗದ ನಾರು, ಗೋಣಿಯಿಂದ ಸೋರಿದ ಕಾಳು, ಗೊತ್ತಿಲ್ಲದ ಲಿಪಿಯ ಸಿಗರೇಟು ಪೊಟ್ಟಣ. ಹಡಗು ಬಂದ ಮರುದಿನ ಕ್ಷೌರದಂಗಡಿಯ ಮುಂದೆ ಕೆಂಚು ಕೂದಲು, ಗುಂಗುರು ಕೂದಲು ಎಲ್ಲ ಒಂದೇ ರಾಶಿ. "ನೋಡೇ, ಪ್ರಪಂಚವೆಲ್ಲ ನಮ್ಮ ಪೊರಕೆಗೇ ಬಂದು ಬಿತ್ತು" ಎನ್ನುತ್ತಿದ್ದಳು ನಗೆಮಾರಿ. ಬೀದಿಯ ನಡುವಿನ ದೀಪದ ಕಂಬ ಇಬ್ಬರಿಗೂ ಗಡಿ. ಕಂಬದಿಂದ ಮೇಲೆ ಬಟ್ಟೆ ಅಂಗಡಿ, ಗಡಿಯಾರದ ಅಂಗಡಿ, ಬ್ಯಾಂಕು, ಅದು ನಗೆಮಾರಿಯದು. ಕೆಳಗೆ ಗೋದಾಮು, ಹಗ್ಗದ ಅಂಗಡಿ, ನಾವಿಕರು ಇಳಿದುಕೊಳ್ಳುವ ಲಾಡ್ಜು, ಅದು ಉದ್ದಕ್ಕನದು. ಮೇಸ್ತ್ರಿಯ ಪುಸ್ತಕದಲ್ಲಿ ಹಾಗೆ ಬರೆದಿತ್ತು. ಅವನನ್ನು ಕೇಳದೆ ಅದಲುಬದಲಾಗುವ ಹಾಗಿರಲಿಲ್ಲ.

ಒಂದು ದಿನ ಬಂದರಿನ ಗೇಟು ಕಾಯುವವನು ಹತ್ತು ಜನರ ಎದುರು ಉದ್ದಕ್ಕನನ್ನು "ಏ ಕೊಕ್ಕರೆ" ಎಂದು ಕೂಗಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ನಸುಕಿಗೇ ದೀಪದ ಕಂಬದ ಹತ್ತಿರ ನಗೆಮಾರಿಗಾಗಿ ಕಾದು ನಿಂತಳು.

"ಇವತ್ತೊಂದಿನ ಕೆಳಗೆ ನೀನು ಹೋಗೇ. ಇನ್ನು ಆ ಮುಖ ನಾನು ನೋಡಲ್ಲ."

"ಇನ್ನು ಅಂದ್ರೆ? ಜನ್ಮಪೂರ್ತಿನಾ?"

"ನಿನ್ನ ತಲೆ. ಇವತ್ತೊಂದಿನ ಸಾಕು."

ನಗೆಮಾರಿ ಪೊರಕೆ ಹೆಗಲಿಗೇರಿಸಿ ಇಳಿಜಾರಿನಲ್ಲಿ ಹೊರಟಳು.

ಏಳು ಗಂಟೆಗೆ ಇನ್ನು ಹತ್ತು ನಿಮಿಷವಿತ್ತು. ದಡಕ್ಕೆ ಕಟ್ಟಿದ್ದ ಒಂದು ಹಡಗಿನಲ್ಲಿ ರಾಸಾಯನಿಕ ತುಂಬಿದ ಪೀಪಾಯಿಗಳಿಗೆ ಬೆಂಕಿ ತಗುಲಿ ಹಡಗೇ ಸಿಡಿಯಿತು. ಉದ್ದಕ್ಕ ಅಂಚೆ ಕಚೇರಿಯ ಕಮಾನಿನ ಕೆಳಗಿದ್ದಳು. ಕಿವಿಯೊಳಗೆ ಒಮ್ಮೆ ಗುಂಯ್ ಎಂದದ್ದಷ್ಟೆ ಗೊತ್ತು. ಕಣ್ಣು ಬಿಟ್ಟಾಗ ಬೀದಿಯ ಒಂದು ಕಿಟಕಿಯಲ್ಲೂ ಗಾಜಿರಲಿಲ್ಲ. ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಗೇಟು ಕಾಯುವವನು ಅಲ್ಲೇ ಸತ್ತ. ನಗೆಮಾರಿಯನ್ನು ಸಂಜೆ ಗೋದಾಮಿನ ಗೋಡೆಯಡಿಯಿಂದ ತೆಗೆದರು.

ಮೇಸ್ತ್ರಿ ಉದ್ದಕ್ಕನನ್ನು ಪಕ್ಕಕ್ಕೆ ಕರೆದ.

"ಪುಸ್ತಕ ತಿದ್ದಿದೀನಿ. ಕೆಳಗಿನ ಪಾಳಿ ಮೊದಲಿಂದ್ಲೂ ಅವಳದೇ, ಗೊತ್ತಾಯ್ತಾ? ಅವಳು ಇರಬಾರದ ಕಡೆ ಇದ್ದಳು ಅಂತ ಮೇಲಿನವರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗ್ಲಿ, ಅವಳ ಮಗು ದೊಡ್ಡದಾದ್ಮೇಲೆ ಅದಕ್ಕೂ ಕೆಲಸ ಸಿಗಲ್ಲ. ಬಾಯಿ ಹೊಲ್ಕೊಂಡು ಇದ್ಬಿಡು."

ಮಗುವಿಗೆ ಆಗ ಆರು ವರ್ಷ. ಉದ್ದಕ್ಕ ಬಾಯಿ ಹೊಲಿದುಕೊಂಡಳು.

ಹನ್ನೊಂದು ದಿನ ಗಾಜು ಗುಡಿಸಿದ್ದೇ ಗುಡಿಸಿದ್ದು. ಹನ್ನೆರಡನೆಯ ಬೆಳಿಗ್ಗೆ ಮೇಲಿನ ಅರ್ಧ ಮುಗಿಸಿ ಬೆನ್ನು ನೆಟ್ಟಗೆ ಮಾಡಿದಾಗ ಕೆಳಗಿನಿಂದ ಸದ್ದು ಕೇಳಿತು. ಸರ್, ಸರ್, ಸರ್, ಆಮೇಲೆ ಒಂದು ಉದ್ದನೆಯ ಸರ್ರ್. ನಗೆಮಾರಿ ಗುಡಿಸುತ್ತಿದ್ದುದೇ ಹಾಗೆ, ಮೂರು ಗಿಡ್ಡ, ಒಂದು ಉದ್ದ. ಉದ್ದಕ್ಕ ಕಂಬದವರೆಗೆ ಇಳಿದಳು. ಒಂದು ನರಪಿಳ್ಳೆಯೂ ಇರಲಿಲ್ಲ. ನಿನ್ನೆಯ ಕಸ ಬಿದ್ದಲ್ಲೇ ಬಿದ್ದಿತ್ತು.

ಅಂದಿನಿಂದ ಅವಳು ಎರಡೂ ಅರ್ಧ ತಾನೇ ಗುಡಿಸಿದಳು. ಮೇಸ್ತ್ರಿ ಬೇರೆಯವರನ್ನು ಹಾಕುತ್ತೇನೆಂದರೆ "ಬೇಡ, ನಾನೇ ನೋಡ್ಕೋತೀನಿ" ಎನ್ನುತ್ತಿದ್ದಳು. ಅವಳು ಕೆಳಗಿದ್ದರೆ ಸದ್ದು ಮೇಲೆ, ಅವಳು ಮೇಲಿದ್ದರೆ ಸದ್ದು ಕೆಳಗೆ. ಹೆದರಿ ಹೆದರಿ ಕೊನೆಗೆ ಹೆದರಿಕೆಗೂ ಸುಸ್ತಾಯಿತು. ಸದ್ದು ಕೇಳದ ದಿನ ಕಿವಿ ಅದನ್ನೇ ಹುಡುಕುತ್ತಿತ್ತು. ಇತ್ತ ಬೀದಿ ತನ್ನ ಪಾಡಿಗೆ ಬದಲಾಯಿತು. ಗೋದಾಮುಗಳು ಹೋಗಿ ಮೊಬೈಲ್ ಅಂಗಡಿಗಳು ಬಂದವು, ದೊಡ್ಡ ಹಡಗುಗಳು ಊರಾಚೆಯ ಹೊಸ ಬಂದರಿಗೆ ಹೋದವು, ನಾರು ಕಾಳು ಬೀಳುತ್ತಿದ್ದ ಕಡೆ ಪ್ಲಾಸ್ಟಿಕ್ ಹಾರಾಡಿತು. ಕ್ಷೌರದಂಗಡಿಯ ಮುಂದೆ ಈಗ ಊರಿನವರದೇ ಕೂದಲು. ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದ ಮಗುವಿಗೆ ಉದ್ದಕ್ಕ ವರ್ಷಕ್ಕೊಂದು ಫ್ರಾಕು ಕಳಿಸುತ್ತಿದ್ದಳೇ ಹೊರತು ಅದರ ಎದುರಿಗೆ ಹೋಗಲಿಲ್ಲ.

ಹದಿನೇಳು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಬ್ಯಾಂಕಿನ ಮೆಟ್ಟಿಲು ಗುಡಿಸುತ್ತಿದ್ದಾಗ ಅದೇ ಸದ್ದು ಬಂತು. ಆದರೆ ಈ ಸಲ ಜೊತೆಗೆ ಧೂಳೂ ಎದ್ದಿತ್ತು. ಕಂಬದಾಚೆ ಹೊಸ ಸಮವಸ್ತ್ರ ತೊಟ್ಟ ಒಬ್ಬಳು ಬಗ್ಗಿ ಗುಡಿಸುತ್ತಿದ್ದಳು. ಮೂರು ಗಿಡ್ಡ, ಒಂದು ಉದ್ದ. ಉದ್ದಕ್ಕ ಪೊರಕೆ ಅಲ್ಲೇ ಬಿಟ್ಟು ಕಂಬದ ಹತ್ತಿರ ಇಳಿದಳು.

"ಯಾರಮ್ಮ ನೀನು?"

"ದೊಡ್ಡಮ್ಮ, ಗುರುತು ಸಿಗ್ಲಿಲ್ವಾ? ನೀನು ಫ್ರಾಕು ಕಳಿಸ್ತಿದ್ದೆಯಲ್ಲ, ಅವಳೇ ನಾನು. ಅಮ್ಮನ ಕೆಲಸ ನಂಗೆ ಕೊಟ್ರು. ನಿನ್ನೆ ಆರ್ಡರ್ ಬಂತು."

"ಹೀಗೆ ಗುಡಿಸೋದು ಯಾರು ಹೇಳಿಕೊಟ್ರು?"

"ಗುಡಿಸೋದಕ್ಕೂ ಹೇಳಿಕೊಡ್ಬೇಕಾ?" ಹುಡುಗಿ ನಕ್ಕಳು. ನಗುವೂ ಅದೇ.

ಉದ್ದಕ್ಕ ನಾಲ್ಕು ದಿನ ತಡೆದುಕೊಂಡಳು. ಸದ್ದು ಬಂದಾಗಲೆಲ್ಲ ಇದು ಬದುಕಿರುವವಳದೋ ಸತ್ತವಳದೋ ಎಂದು ಓಡಿ ಓಡಿ ನೋಡಿದಳು. ಹುಡುಗಿಯ ಕೆಲಸ ಈಗ ಗಟ್ಟಿಯಾಗಿತ್ತು, ಹಳೆಯ ಮೇಸ್ತ್ರಿ ತೀರಿಕೊಂಡಿದ್ದ. ಮುಚ್ಚಿಡಲು ಉಳಿದದ್ದು ತನ್ನ ಅಂಜಿಕೆಯೊಂದೇ. ಐದನೆಯ ದಿನ ಕಂಬದ ಹತ್ತಿರ ಕೂರಿಸಿಕೊಂಡು ಎಲ್ಲ ಹೇಳಿದಳು. "ನಾನು ಸಾಯಬೇಕಿತ್ತು ಮಗಳೇ. ಒಬ್ಬನ ಮುಖ ನೋಡೋದು ಬೇಡ ಅಂತ ನಿಮ್ಮಮ್ಮನ್ನ ಕಳಿಸ್ದೆ."

ಹುಡುಗಿ ಎದ್ದು ಹೋದಳು. ಒಂಬತ್ತು ದಿನ ಕೆಲಸಕ್ಕೆ ಬರಲಿಲ್ಲ. ಆ ಒಂಬತ್ತೂ ದಿನ ಕೆಳಗಿನ ಅರ್ಧದಿಂದ ಸದ್ದು ನಿಲ್ಲದೆ ಕೇಳಿತು. ಉದ್ದಕ್ಕ ಕಂಬ ದಾಟುವ ಧೈರ್ಯ ಮಾಡಲಿಲ್ಲ.

ಹತ್ತನೆಯ ದಿನ ಹುಡುಗಿ ಬಂದಳು. ಕಣ್ಣು ಬಾತಿದ್ದವು. "ಎಲ್ಲಿ ಅಂತ ತೋರ್ಸು" ಎಂದಳು.

ಇಬ್ಬರೂ ಇಳಿದರು. ಗೋದಾಮಿದ್ದ ಕಡೆ ಈಗ ಕನ್ನಡಕದ ಅಂಗಡಿ. ಇನ್ನೂ ತೆರೆದಿರದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತರು.

"ಆವತ್ತು ಅಮ್ಮ ಏನೇನು ಮಾತಾಡಿದ್ಲು? ಒಂದೂ ಬಿಡಬೇಡ. ನಂಗೆ ಅವಳ ಒಂದು ಮಾತೂ ನೆನಪಿಲ್ಲ."

ಉದ್ದಕ್ಕನಿಗೆ ದಿಗಿಲಾಯಿತು. ಹದಿನೇಳು ವರ್ಷ ತನ್ನ ಮಾತನ್ನೇ ಮೆಲುಕು ಹಾಕಿದ್ದಳು. ನಗೆಮಾರಿಯ ಮಾತಿನತ್ತ ಮನಸ್ಸು ಹರಿದೇ ಇರಲಿಲ್ಲ. ಕಣ್ಣು ಮುಚ್ಚಿ ಹುಡುಕಿದಳು. ನಿಧಾನವಾಗಿ ಒಂದೊಂದೇ ಬಂತು.

"ಹೊರಟವಳು ತಿರುಗಿ ನಿಂತು ನಿನ್ನ ಸುದ್ದಿ ಹೇಳಿದ್ಲು. 'ನಮ್ಮ ಮಗಳದ್ದು ಮುಂದಿನ ಎರಡೂ ಹಲ್ಲು ಬಿದ್ದಿವೆ ಕಣೇ. ಬಾಯಿ ತೆಗೆದ್ರೆ ಗೋದಾಮಿನ ಬಾಗಿಲು ತೆಗೆದ ಹಾಗೆ. ನಗಬೇಡ್ವೇ ಅಂದ್ರೆ ಇನ್ನೂ ನಗ್ತಾಳೆ.' ಹಾಗಂದು ತಾನೂ ನಕ್ಕೊಂಡೇ ಇಳಿದ್ಲು."

ಹುಡುಗಿಯ ಕೈ ತಾನಾಗಿ ಬಾಯಿಗೆ ಹೋಯಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಉದ್ದಕ್ಕನಿಗೆ ತಿಳಿಯಲಿಲ್ಲ. "ಇನ್ನೊಂದು ಸಲ ಹೇಳು" ಎಂದಳು. ಉದ್ದಕ್ಕ ಮತ್ತೆ ಹೇಳಿದಳು. ಹಾಗೆಯೇ ಇಬ್ಬರೂ ಜೊತೆಯಾಗಿ ಗುಡಿಸಿದ ಒಂಬತ್ತು ವರ್ಷದ ಹಳೆಯ ಮಾತುಗಳೆಲ್ಲ ಒಂದರ ಹಿಂದೆ ಒಂದು ಎದ್ದು ಬಂದವು.

ಕ್ಷಮಿಸಿದೆ ಎಂದು ಹುಡುಗಿ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಕೇಳಲು ಉದ್ದಕ್ಕನಿಗೆ ಬಾಯಿ ಬರಲಿಲ್ಲ. ಆವತ್ತು ಬಿಸಿಲೇರಿತು, ಅಂಗಡಿಗಳ ಶಟರು ಎದ್ದವು, ಜನ ನಿನ್ನೆಯ ಕಸ ತುಳಿದುಕೊಂಡು ಓಡಾಡಿದರು. ಹೊಸ ಮೇಸ್ತ್ರಿ ಸ್ಕೂಟರ್ ನಿಲ್ಲಿಸಿ ಕೂಗಾಡಿದ.

"ಇವತ್ತು ಕೆಳಗಿನ ಅರ್ಧ ಆಗಲ್ಲ ಸ್ವಾಮಿ" ಎಂದಳು ಉದ್ದಕ್ಕ, ಕುಳಿತಲ್ಲಿಂದ ಏಳದೆ. "ಪುಸ್ತಕದಲ್ಲಿ ಹಾಗೇ ಬರ್ಕೊಳ್ಳಿ."