ಹಳೆಯ ಚಿತ್ರದ ಕಟ್ಟಾ ಅಭಿಮಾನಿ

ಬಟ್ಟೆ ಹೊಲಿಯುವ ಚಿಕ್ಕಮ್ಮನಿಗೆ ಹೈಸ್ಕೂಲು ಹುಡುಗಿಯರ ಜಗಳದ ಆ ತಮಾಷೆಯ ಸಿನಿಮಾ ಎಂದರೆ ಮೊದಲು ಬಂದ ಹಳೆಯದು ಮಾತ್ರ. ಹಾಡು ತುಂಬಿ ಮತ್ತೆ ತೆಗೆದ ಹೊಸದನ್ನು ಯಾರಾದರೂ ಹೊಗಳಿದರೆ ಅವರ ಅಂಗಿಯ ತೋಳು ಬಿಗಿಯಾಗುವುದು ಖಂಡಿತ. ಅಳತೆ ತೆಗೆಯುತ್ತಲೇ ಎರಡನ್ನೂ ತೂಗುತ್ತಾಳೆ: ಹಳೆಯದರಲ್ಲಿ ಬೈಗುಳಕ್ಕೆ ಖಾರವಿತ್ತು, ಹೊಸದರಲ್ಲಿ ಜಗಳಕ್ಕೆ ಹೊರಟವರೂ ಸಾಲಾಗಿ ನಿಂತು ಕುಣಿಯುತ್ತಾರೆ. “ಆದ್ರೂ ಚಿಕ್ಕಮ್ಮ, ಹೊಸದ್ರಲ್ಲಿ ನಾಯಕಿ ಮೆಟ್ಟಿಲ ಕೆಳಗೆ ಒಬ್ಳೇ ಕೂತು ಊಟ ಮಾಡುವಾಗ ಹಾಡ್ತಾಳಲ್ಲ, ನಂಗೆ ಅಳುನೇ ಬಂತು,” ಎಂದಳು ಅಕ್ಕನ ಮಗಳು. ಚಿಕ್ಕಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. “ಹಳೇದ್ರಲ್ಲಿ ಅವಳು ಸುಮ್ನೆ ಉಣ್ತಾಳೆ ಕಣೆ. ಶಾಲೇಲಿ ನಾನೂ ಹಾಗೇ ಉಂಡಿದ್ದು. ಯಾರಾದ್ರೂ ಬಂದು ನಗ್ತಾರೇನೋ ಅಂತ ಡಬ್ಬಿ ಮುಚ್ಚಳ ಸದ್ದಾಗದ ಹಾಗೆ ತೆಗೀತಿದ್ದೆ. ಪರದೆ ಮೇಲೆ ಅವಳೂ ಹಾಗೇ ತೆಗೆದಾಗ, ನಾನೊಬ್ಳೇ ಅಲ್ಲ ಅನ್ನಿಸ್ತು. ಹಾಡೋ ಧೈರ್ಯ ಇದ್ದಿದ್ರೆ ನಾವಿಬ್ರೂ ಮೆಟ್ಟಿಲ ಕೆಳಗೆ ಯಾಕೆ ಕೂರ್ತಿದ್ವಿ?”